ಗೆದ್ದೆತ್ತಿನ ಬಾಲ ಹಿಡಿಯದ ಒಂದು ಟೀವಿ ಕಾರ್ಯಕ್ರಮ

ಆ ಕಾರ್ಯಕ್ರಮದಲ್ಲಿ ಯಾರಿಗೂ ಅವಸರವಿಲ್ಲ. ಒಂದು ಮೇಜು, ಮೇಲೆ ಒಂದೋ ಎರಡೋ ಕಂಪ್ಯೂಟರು, ಸುತ್ತ ಮೂರು ನಾಲ್ಕು ಕುರ್ಚಿ. ಬಂದ ಅತಿಥಿ ಕೀಲಿ ಒತ್ತಿ, ಡ್ರೈವು ಗುರುಗುಟ್ಟುತ್ತ ಫ್ಲಾಪಿ ಓದಿಕೊಳ್ಳುವ ತನಕ ಸುಮ್ಮನೆ ಕೂರುತ್ತಾರೆ. ಕ್ಯಾಮೆರಾವೂ ಕೂರುತ್ತದೆ, ನಾವೂ ಕೂರುತ್ತೇವೆ. ಈಗಿನ ಯಾವ ಯೂಟ್ಯೂಬ್ ಎಡಿಟರೂ ಆ ಕೆಲವು ಸೆಕೆಂಡುಗಳನ್ನು ಉಳಿಸುತ್ತಿರಲಿಲ್ಲ. ನನಗೆ ಮಾತ್ರ ಅಲ್ಲೇ ಮಜಾ.

'ಕಂಪ್ಯೂಟರ್ ಕ್ರಾನಿಕಲ್ಸ್' ಅಂತ ಅದರ ಹೆಸರು. ಅಮೆರಿಕದ ಸಾರ್ವಜನಿಕ ಟೀವಿ ಜಾಲವಾದ ಪಿಬಿಎಸ್‌ನಲ್ಲಿ 1983ರಿಂದ 2002ರವರೆಗೆ ಅರ್ಧ ಗಂಟೆಯ ಕಂತುಗಳಲ್ಲಿ ನಡೆಯಿತು. ಅದಕ್ಕೂ ಮೊದಲು, 1981ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕಾಲೇಜಿನ ಕೆಸಿಎಸ್‌ಎಂ ಎಂಬ ಸಣ್ಣ ಸ್ಥಳೀಯ ವಾಹಿನಿಯಲ್ಲಿ ಶುರುವಾಗಿತ್ತು. ಆಗ ನಡೆಸಿಕೊಡುತ್ತಿದ್ದವರು ಜಿಮ್ ವಾರೆನ್. ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್ ಎಂಬ ಜಾತ್ರೆಯನ್ನು ಕಟ್ಟಿ ನಿಲ್ಲಿಸಿದವರು ಅವರೇ. 1977ರಲ್ಲಿ ಆ ಜಾತ್ರೆಯ ಮೊದಲ ವರ್ಷವೇ ಆಪಲ್ 2 ಯಂತ್ರ ಜನರಿಗೆ ಮುಖ ತೋರಿಸಿತು. ಸ್ಯಾನ್ ಮಟೇಯೊ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸಿಲಿಕಾನ್ ಕಣಿವೆಯ ನಡುವೆ. ಕಂಪನಿ ಕಟ್ಟಿದವರು, ಚಿಪ್ಪು ಬಿಡಿಸಿದವರು, ಪ್ರೋಗ್ರಾಂ ಬರೆದವರು ತಮ್ಮ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದು, ತೋರಿಸಿ, ಸಂಜೆಯೊಳಗೆ ಆಫೀಸಿಗೆ ವಾಪಸು ಹೋಗಬಹುದಾದಷ್ಟು ಹತ್ತಿರ. ಇದೇ ಕಾರ್ಯಕ್ರಮ ನ್ಯೂಯಾರ್ಕಿನಲ್ಲಿ ಹುಟ್ಟಿದ್ದರೆ ಬರುತ್ತಿದ್ದವರು ಮಾರಾಟ ವಿಭಾಗದ ಮ್ಯಾನೇಜರುಗಳು.

ರಾಷ್ಟ್ರೀಯ ಜಾಲಕ್ಕೆ ಹೋದಾಗ ನಿರೂಪಣೆ ಸ್ಟುವರ್ಟ್ ಶೆಫೇ ಅವರ ಕೈಗೆ ಬಂತು. ಹಾರ್ವರ್ಡಿನಲ್ಲಿ ಕಾನೂನು ಓದಿದವರು, ಆದರೆ ಪಾಟೀಸವಾಲಿನ ಗತ್ತು ಒಂದಿಷ್ಟೂ ಇಲ್ಲ. ಗೊತ್ತಿದ್ದರೂ ಗೊತ್ತಿಲ್ಲದವರ ಪರವಾಗಿ ಕೇಳುವುದು ಅವರ ಕಲೆ. ಇದನ್ನು ಯಾರು ಕೊಳ್ಳಬೇಕು, ಎಷ್ಟಾಗುತ್ತದೆ, ನನ್ನ ಹಳೇ ಫೈಲು ಇದರಲ್ಲಿ ತೆರೆಯುತ್ತದೆಯೇ. ನಮ್ಮ ಮನೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆಗಳೇ. ವೆಂಡಿ ವುಡ್ಸ್ ಹೊರಗೆ ಹೋಗಿ ಶಾಲೆ, ಕಾರ್ಖಾನೆ, ಅಂಗಡಿಗಳಲ್ಲಿ ಕಂಪ್ಯೂಟರು ಏನು ಮಾಡುತ್ತಿದೆ ಎಂದು ವರದಿ ತರುತ್ತಿದ್ದರು. ಪಾಲ್ ಶಿಂಡ್ಲರ್ ಸಾಫ್ಟ್‌ವೇರ್ ವಿಮರ್ಶೆ ಮಾಡುತ್ತಿದ್ದರು. ಕೊನೆಗೆ 'ರ್‍ಯಾಂಡಮ್ ಆಕ್ಸೆಸ್' ಅಂತ ವಾರದ ಸುದ್ದಿ ತುಣುಕುಗಳು. ಇಷ್ಟೇ ಅಡುಗೆ.

ಇದನ್ನು ನಾನು ನೋಡತೊಡಗಿದ್ದು ತೀರಾ ಈಚೆಗೆ. ರಾತ್ರಿ ಊಟ ಆದಮೇಲೆ ಒಂದು ಕಂತು, ಕೆಲವು ಸಲ ಎರಡು. ಹಳೇ ಯಂತ್ರಗಳ ಮೇಲಿನ ಮೋಹಕ್ಕೆ ಶುರುವಾದದ್ದು ಬೇರೆ ಕಾರಣಕ್ಕೆ ಹಿಡಿದುಕೊಂಡಿತು. ಕಂಪ್ಯೂಟರ್ ಚರಿತ್ರೆ ಅಂತ ನಾವು ಓದುವ, ನೋಡುವ ಬಹುಪಾಲು ಸರಕು ಗೆದ್ದೆತ್ತಿನ ಬಾಲ ಹಿಡಿದುಕೊಂಡು ಹಿಂದಕ್ಕೆ ನಡೆಯುತ್ತದೆ. ಗ್ಯಾರೇಜು, ಇಬ್ಬರು ಗೆಳೆಯರು, ಕಾಲೇಜು ಬಿಟ್ಟ ಹುಡುಗ, ಆಮೇಲೆ ಕೋಟಿ ಕೋಟಿ. ಯಾರು ಗೆಲ್ಲುತ್ತಾರೆಂದು ಮೊದಲ ಪುಟಕ್ಕೇ ಗೊತ್ತಿರುವುದರಿಂದ ಸೋತವರೆಲ್ಲ ಪೆದ್ದರಂತೆ ಕಾಣುತ್ತಾರೆ. 'ಕ್ರಾನಿಕಲ್ಸ್'ಗೆ ಆ ಸವಲತ್ತು ಇರಲಿಲ್ಲ. ಮುಂದಿನ ವಾರ ಏನಾಗುತ್ತದೆಂದು ಅದಕ್ಕೆ ತಿಳಿದಿರಲಿಲ್ಲ. 1985ರ ಒಂದು ಕಂತಿನಲ್ಲಿ ಅಮಿಗಾ ಮತ್ತು ಅಟಾರಿ ಎಸ್‌ಟಿ ಎಂಬ ಎರಡು ಹೊಸ ಕಂಪ್ಯೂಟರುಗಳನ್ನು ಪಕ್ಕಪಕ್ಕ ಇಟ್ಟು ಮಾತಾಡುತ್ತಾರೆ. ಬಣ್ಣ, ಧ್ವನಿ, ಏಕಕಾಲಕ್ಕೆ ಹಲವು ಕೆಲಸ: ಐಬಿಎಂ ಪಿಸಿಗೆ ಆಗ ಕನಸಿನಲ್ಲೂ ಇಲ್ಲದ ಸಂಗತಿಗಳು. ನೋಡುತ್ತ ನೋಡುತ್ತ ನಾನೇ ಅಮಿಗಾದ ಪರ ವಾಲಿಬಿಟ್ಟೆ. ಅದನ್ನು ಮಾಡುತ್ತಿದ್ದ ಕಮೋಡೋರ್ ಕಂಪನಿ 1994ರಲ್ಲಿ ಬಾಗಿಲು ಹಾಕಿತು ಅನ್ನುವುದು ಗೊತ್ತಿದ್ದೂ.

ಒಂದು ಕಂತನ್ನು ಹತ್ತಿರದಿಂದ ನೋಡೋಣ. 1987, ವಿಷಯ ಹೈಪರ್‌ಕಾರ್ಡ್. ಎದುರಿಗೆ ಕೂತಿರುವುದು ಆಪಲ್‌ನ ಬಿಲ್ ಅಟ್ಕಿನ್‌ಸನ್ ಮತ್ತು ಡ್ಯಾನ್ ವಿಂಕ್ಲರ್. ಅಟ್ಕಿನ್‌ಸನ್ ಅಂದರೆ ಮ್ಯಾಕಿಂಟಾಷ್ ಪರದೆಯ ಮೇಲಿನ ಚಿತ್ರಗಳ ಹಿಂದಿದ್ದ ಕೋಡು ಬರೆದವರು. ವಿಂಕ್ಲರ್ ಹೈಪರ್‌ಕಾರ್ಡಿನ ಭಾಷೆಯನ್ನು ರೂಪಿಸಿದವರು. ಪರದೆಯ ಮೇಲೆ ಒಂದು ಕಾರ್ಡು. ಅದರ ಮೇಲೆ ಬರಹ, ಚಿತ್ರ, ಒಂದಿಷ್ಟು ಗುಂಡಿ. ಗುಂಡಿ ಒತ್ತಿದರೆ ಬೇರೊಂದು ಕಾರ್ಡಿಗೆ ಹೋಗುತ್ತದೆ. ಇಂಥ ಕಾರ್ಡುಗಳ ಕಂತೆಗೆ ಸ್ಟ್ಯಾಕ್ ಎಂದು ಹೆಸರು. ಯಾವ ಗುಂಡಿ ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹೇಳಲು ಪ್ರೋಗ್ರಾಮರ್ ಬೇಕಿಲ್ಲ. ಶಾಲಾ ಮೇಷ್ಟ್ರು, ವೈದ್ಯರು, ಹಕ್ಕಿ ನೋಡುವ ಹವ್ಯಾಸದವರು, ಯಾರು ಬೇಕಾದರೂ ಸರಳ ಇಂಗ್ಲಿಷಿನಂಥ ವಾಕ್ಯದಲ್ಲಿ ಬರೆದುಕೊಳ್ಳಬಹುದು. ಪ್ರತಿ ಮ್ಯಾಕ್ ಜೊತೆಗೂ ಇದನ್ನು ಪುಕ್ಕಟೆ ಕೊಡಬೇಕೆಂದು ಅಟ್ಕಿನ್‌ಸನ್ ಆಪಲ್‌ಗೆ ಷರತ್ತು ಹಾಕಿದ್ದರು.

ಈಗ ನೋಡುವವರಿಗೆ ಥಟ್ಟನೆ ಹೊಳೆಯುತ್ತದೆ: ಇದು ವೆಬ್ ಅಲ್ಲವೇ! ಕೊಂಡಿ ಇದೆ, ಪುಟ ಇದೆ, ಒತ್ತಿದರೆ ಹಾರುವುದು ಇದೆ. ಇಲ್ಲದಿರುವುದು ಒಂದೇ, ಒಂದು ಯಂತ್ರದ ಕಾರ್ಡಿನಿಂದ ಇನ್ನೊಂದು ಯಂತ್ರದ ಕಾರ್ಡಿಗೆ ಹೋಗುವ ದಾರಿ. ತಾನು ಒಂದೇ ಪೆಟ್ಟಿಗೆಯೊಳಗೆ ಯೋಚಿಸುತ್ತಿದ್ದೆ, ಜಾಲದ ಕಡೆ ನೋಡಲಿಲ್ಲ ಎಂದು ಅಟ್ಕಿನ್‌ಸನ್ ಬಹಳ ವರ್ಷಗಳ ನಂತರ ಹಳಹಳಿಸಿದ್ದುಂಟು. ಮೇಜಿನ ಸುತ್ತ ಕೂತವರಲ್ಲಿ ಯಾರಿಗೂ ಅವತ್ತು ಅದು ಹೊಳೆದಂತಿಲ್ಲ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ತಮ್ಮ ಪ್ರಸ್ತಾವ ಬರೆಯಲು ಇನ್ನೂ ಎರಡು ವರ್ಷ ಇತ್ತು. ಇಷ್ಟೊಂದು ಬುದ್ಧಿವಂತರು ಇಷ್ಟು ಹತ್ತಿರ ಬಂದು, ಸಂತೋಷವಾಗಿ, ಪಕ್ಕದ ಬಾಗಿಲನ್ನು ತಟ್ಟದೆ ಹೋಗುವುದನ್ನು ನೋಡುವಾಗ ನಗು ಬರುವುದಿಲ್ಲ. ನಮ್ಮ ಈಗಿನ ಮೇಜುಗಳ ಸುತ್ತ ಯಾವ ಬಾಗಿಲಿದೆಯೋ ಅನ್ನಿಸುತ್ತದೆ.

ಆ ಮೇಜಿನ ಒಂದು ಬದಿಗೆ, ಶೆಫೇ ಪಕ್ಕದಲ್ಲಿ, ಕೆಂಗಡ್ಡದ ಒಬ್ಬರು ಕೂತಿರುತ್ತಾರೆ. ಮೆಲುದನಿ. ಮಾತಾಡುವುದು ಕಡಿಮೆ, ಕೇಳಿದರೆ ಯಂತ್ರದ ಹೊಟ್ಟೆಯೊಳಗಿನ ಪ್ರಶ್ನೆ. ಮಾಹಿತಿಯನ್ನು ಹೇಗೆ ಜೋಡಿಸಿದ್ದೀರಿ, ಮೆಮೊರಿ ಎಷ್ಟು ತಿನ್ನುತ್ತದೆ. ಗೊತ್ತಿಲ್ಲದವರು ಯಾರೋ ಕಾಲೇಜು ಪ್ರಾಧ್ಯಾಪಕರನ್ನು ಸಹನಿರೂಪಕರಾಗಿ ಕೂರಿಸಿದ್ದಾರೆ ಅಂದುಕೊಳ್ಳಬೇಕು. ಒಂದು ಕಾಲಕ್ಕೆ ಪ್ರಾಧ್ಯಾಪಕರೂ ಹೌದು. ಗ್ಯಾರಿ ಕಿಲ್ಡಾಲ್. 1983ರಿಂದ 1990ರವರೆಗೆ ಆ ಕುರ್ಚಿ ಅವರದು.

ಕಿಲ್ಡಾಲ್ ಹುಟ್ಟಿದ್ದು 1942ರಲ್ಲಿ, ಸಿಯಾಟಲ್‌ನಲ್ಲಿ. ಮಾಂಟೆರೆಯ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇಂಟೆಲ್‌ನ ಹೊಸ ಚಿಪ್ಪುಗಳ ಗೀಳು ಹತ್ತಿತು. ಅವುಗಳಿಗೆ ಪಿಎಲ್/ಎಂ ಎಂಬ ಭಾಷೆ ಬರೆದುಕೊಟ್ಟರು. 1974ರ ಹೊತ್ತಿಗೆ, ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್‌ನಲ್ಲಿ, ಫ್ಲಾಪಿ ಡ್ರೈವೊಂದನ್ನು ಸಣ್ಣ ಕಂಪ್ಯೂಟರಿಗೆ ಜೋಡಿಸಿ ಪಳಗಿಸಲು ಒಂದು ತಂತ್ರಾಂಶ ಸಿದ್ಧವಾಯಿತು. ಅದೇ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರಕ್ಕೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ಕೆಲಸ ನಡೆಸಿಕೊಡುವ ತಂತ್ರಾಂಶ. ಹೆಂಡತಿ ಡೊರೊಥಿ ಮ್ಯಾಕ್‌ಯುವನ್ ಜೊತೆ ಸೇರಿ ಕಂಪನಿ ಮಾಡಿದರು, ಹೆಸರು 'ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್'. ಆಮೇಲೆ ನಕ್ಷತ್ರಪುಂಜವನ್ನು ಬಿಟ್ಟು ಬರೀ 'ಡಿಜಿಟಲ್ ರಿಸರ್ಚ್' ಮಾಡಿಕೊಂಡರು.

ಸಿಪಿ/ಎಂ ಯಾಕೆ ದೊಡ್ಡದು ಅನ್ನುವುದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. ಎಪ್ಪತ್ತರ ದಶಕದ ಕೊನೆಗೆ ನೂರಾರು ಕಂಪನಿಗಳು ಸಣ್ಣ ಕಂಪ್ಯೂಟರು ಮಾಡುತ್ತಿದ್ದವು. ಒಂದರ ಕೀಲಿಮಣೆಯ ವೈರಿಂಗ್ ಇನ್ನೊಂದಕ್ಕಿಲ್ಲ, ಒಂದರ ಡಿಸ್ಕ್ ಇನ್ನೊಂದರ ಹಾಗಿಲ್ಲ. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಕಿಲ್ಡಾಲ್ ಮಾಡಿದ್ದೇನೆಂದರೆ, ಆಯಾ ಯಂತ್ರಕ್ಕೆ ಮಾತ್ರ ಸಂಬಂಧಪಟ್ಟ ಕೆಲಸಗಳನ್ನೆಲ್ಲ ಬೇರ್ಪಡಿಸಿ ಒಂದು ಸಣ್ಣ ತುಂಡಿಗೆ ತಳ್ಳಿದರು. ಕೀಲಿ ಒತ್ತಿದ್ದನ್ನು ಓದುವುದು, ಪರದೆಗೆ ಅಕ್ಷರ ಕಳಿಸುವುದು, ಡಿಸ್ಕಿನ ಇಂಥ ಜಾಗದಿಂದ ಎತ್ತಿಕೊಳ್ಳುವುದು. ಆ ತುಂಡಿಗೆ ಬಯೋಸ್ ಎಂದು ಹೆಸರಿಟ್ಟರು. ಹೊಸ ಯಂತ್ರ ಮಾಡಿದ ಕಂಪನಿ ಅಷ್ಟನ್ನು ಮಾತ್ರ ತನಗೆ ತಕ್ಕಂತೆ ಬರೆದುಕೊಂಡರೆ ಸಾಕು, ಉಳಿದ ಸಿಪಿ/ಎಂ ಹಾಗೇ ಓಡುತ್ತದೆ. ಅದರ ಮೇಲೆ ಬರೆದ ಪ್ರೋಗ್ರಾಮೂ ಓಡುತ್ತದೆ. ಸಾಫ್ಟ್‌ವೇರನ್ನು ಯಂತ್ರದಿಂದ ಬಿಡಿಸಿ ಸ್ವತಂತ್ರವಾಗಿ ಅಂಗಡಿಯಲ್ಲಿಟ್ಟು ಮಾರಬಹುದು ಅನ್ನುವ ವ್ಯಾಪಾರಕ್ಕೆ ನೆಲ ಹದ ಮಾಡಿದ್ದು ಇದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡ್ ರಿಪೇರಿ ಮಾಡುವ ಹುಡುಗರು ಇವತ್ತಿಗೂ 'ಬಯೋಸ್‌ಗೆ ಹೋಗಿ ನೋಡ್ಬೇಕು ಸರ್' ಅನ್ನುತ್ತಾರೆ. ಆ ಹೆಸರಿಟ್ಟವರ ಹೆಸರನ್ನು ನಾನು ಆ ಬೀದಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ಆಮೇಲಿನದು ಐಬಿಎಂ ಕಥೆ. 1980ರಲ್ಲಿ ಐಬಿಎಂ ತನ್ನ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಪೆಸಿಫಿಕ್ ಗ್ರೋವ್‌ಗೆ ಬಂತು. ಅವತ್ತು ಕಿಲ್ಡಾಲ್ ತಮ್ಮ ಸಣ್ಣ ವಿಮಾನ ಹಾರಿಸಲು ಹೋಗಿದ್ದರು, ಮೋಜಿಗೆ ಹೋಗಿ ಲೋಕವನ್ನೇ ಕಳಕೊಂಡರು ಎಂಬ ದಂತಕಥೆ ಉದ್ಯಮದ ತುಂಬ ಹಬ್ಬಿತು. ವಿಮಾನದಲ್ಲಿ ಹೋಗಿದ್ದು ನಿಜ. ವ್ಯವಹಾರದ ಕೆಲಸಕ್ಕೆ ಗಿರಾಕಿಯೊಬ್ಬರನ್ನು ನೋಡಲು ಹೋಗಿದ್ದೆ, ಮಧ್ಯಾಹ್ನದ ಮಾತುಕತೆಗೆ ಬಂದಿದ್ದೆ ಎಂದು ಅವರ ವಾದ. ಬೆಳಿಗ್ಗೆ ಐಬಿಎಂನವರು ಮುಂದಿಟ್ಟ, ಗುಟ್ಟು ಬಿಟ್ಟುಕೊಡುವುದಿಲ್ಲವೆಂಬ ಕರಾರುಪತ್ರಕ್ಕೆ ಸಹಿ ಹಾಕಲು ಡೊರೊಥಿ ಹಿಂಜರಿದರು. ಮಾತು ಕುದುರಲಿಲ್ಲ. ಅಂದು ಯಾರು ಯಾರನ್ನು ಭೇಟಿಯಾದರು ಎಂಬುದರಲ್ಲೇ ಎರಡು ಕಡೆಯವರ ಹೇಳಿಕೆ ತಾಳೆಯಾಗುವುದಿಲ್ಲ. ಐಬಿಎಂ ಬಿಲ್ ಗೇಟ್ಸ್ ಬಳಿಗೆ ಹೋಯಿತು. ಮೈಕ್ರೋಸಾಫ್ಟ್ ಬಳಿಯೂ ಆಗ ಆ ಪಿಸಿಗೆ ಹೊಂದುವ ಆಪರೇಟಿಂಗ್ ಸಿಸ್ಟಮ್ ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ಒಂದನ್ನು ಅವರು ಕೊಂಡುಕೊಂಡರು. ಅದೇ ಮುಂದೆ ಡಾಸ್ ಆಯಿತು. ಪ್ಯಾಟರ್ಸನ್ ಅದನ್ನು ಬರೆದದ್ದು ಸಿಪಿ/ಎಂ ಪ್ರೋಗ್ರಾಮುಗಳನ್ನು ಸುಲಭವಾಗಿ ಸಾಗಿಸಲು ಅನುಕೂಲವಾಗುವಂತೆ, ಸಿಪಿ/ಎಂ ಮಾದರಿಯನ್ನೇ ಎದುರಿಗಿಟ್ಟುಕೊಂಡು. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಹೊರಬಂತು. ಕಿಲ್ಡಾಲ್ ಕೋರ್ಟಿನ ಮಾತೆತ್ತಿದ ಮೇಲೆ ಐಬಿಎಂ ಅವರ ಸಿಪಿ/ಎಂ-86 ಅನ್ನೂ, ಅಂದರೆ ಸಿಪಿ/ಎಂನ ಪಿಸಿ ಆವೃತ್ತಿಯನ್ನೂ, ಮಾರಲು ಒಪ್ಪಿತು. ಅಂಗಡಿಯಲ್ಲಿ ಎರಡನ್ನೂ ಇಟ್ಟರು. ಡಾಸ್ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಗಿರಾಕಿ ಯಾವುದನ್ನು ಎತ್ತಿಕೊಂಡರೆಂದು ಹೇಳಬೇಕಾಗಿಲ್ಲ.

ವಿಮಾನದ ಕಥೆ ನನಗೆ ಹಿಡಿಸುವುದಿಲ್ಲ. ಅದು ತೀರಾ ಚೊಕ್ಕಟ. ಒಬ್ಬ ಪ್ರತಿಭಾವಂತ, ಒಂದು ಅಜಾಗರೂಕತೆ, ಒಂದು ಶಿಕ್ಷೆ. ಬೆಲೆ ನಿಗದಿ ಮಾಡಿದವರು ಯಾರು, ವಕೀಲರು ಏನು ಹೇಳಿದರು, ಅನುಕರಣೆಗೆ ಆಗ ಕಾನೂನಿನಲ್ಲಿ ಏನು ದಾರಿ ಇತ್ತು ಎಂಬ ರಗಳೆಯೆಲ್ಲ ಅದರಲ್ಲಿ ಮಾಯ. ನೀತಿಕಥೆ ಹೇಳುವವರಿಗೆ ಅನುಕೂಲ, ಅಷ್ಟೆ.

ಈ ಕಥೆ ನಮ್ಮಿಂದ ದೂರದ್ದು ಅನ್ನಿಸಬಹುದು. ಹಾಗೇನಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ತಾಲ್ಲೂಕು ಊರುಗಳ ಕಂಪ್ಯೂಟರ್ ಕ್ಲಾಸುಗಳಿಗೆ ಹೋದವರು ನೆನಪಿಸಿಕೊಳ್ಳಿ. ಚಪ್ಪಲಿ ಹೊರಗೆ ಬಿಟ್ಟು, ಪರದೆ ಸರಿಸಿ, ಏಸಿ ರೂಮಿಗೆ ಹೋಗಬೇಕು. ತಿಪಟೂರಿನಲ್ಲಿ ನಾನು ಕಲಿತ ಕ್ಲಾಸಿನಲ್ಲಿ ಒಂದು ಯಂತ್ರಕ್ಕೆ ಮೂವರು. ಮೊದಲು ಡಾಸ್, ಆಮೇಲೆ ಬರಹಕ್ಕೆ ವರ್ಡ್‌ಸ್ಟಾರ್, ಆಮೇಲೆ ಲೆಕ್ಕಕ್ಕೆ ಲೋಟಸ್, ದಾಖಲೆ ಪಟ್ಟಿಗಳಿಗೆ ಡಿಬೇಸ್. ವರ್ಡ್‌ಸ್ಟಾರಿನಲ್ಲಿ ಕರ್ಸರನ್ನು ಮೇಲಕ್ಕೆ ಒಯ್ಯಲು ಕಂಟ್ರೋಲ್ ಹಿಡಿದು ಇ, ಕೆಳಕ್ಕೆ ಎಕ್ಸ್, ಎಡಕ್ಕೆ ಎಸ್, ಬಲಕ್ಕೆ ಡಿ ಎಂದು ಮೇಷ್ಟ್ರು ಉರು ಹೊಡೆಸುತ್ತಿದ್ದರು. ನಮ್ಮ ಕೀಲಿಮಣೆಯಲ್ಲಿ ಬಾಣದ ಗುರುತಿನ ಕೀಲಿಗಳು ಕಣ್ಣೆದುರೇ ಇದ್ದವು. ಮತ್ತೇಕೆ ಈ ಸರ್ಕಸ್ಸು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಉತ್ತರ ಇರುವುದು ಸಿಪಿ/ಎಂ ಕಾಲದಲ್ಲಿ. ವರ್ಡ್‌ಸ್ಟಾರ್ 1978ರಲ್ಲಿ ಹುಟ್ಟಿದ್ದು ಸಿಪಿ/ಎಂ ಯಂತ್ರಗಳಿಗಾಗಿ. ಅವುಗಳಲ್ಲಿ ಎಷ್ಟೋ ಕೀಲಿಮಣೆಗಳಿಗೆ ಬಾಣದ ಕೀಲಿಗಳೇ ಇರಲಿಲ್ಲ, ಹಾಗಾಗಿ ಎಡಗೈ ಬೆರಳಿಗೆ ಸಿಗುವ ನಾಲ್ಕು ಅಕ್ಷರಗಳ ಆ ವಜ್ರಾಕೃತಿ. ಡಿಬೇಸ್ ಕೂಡ ಅಲ್ಲಿಂದಲೇ ಬಂದದ್ದು.

ಇನ್ನೂ ಮಜಾ ಇರುವುದು 'ಕಾಪಿ ಕಾನ್' ಕಮಾಂಡಿನಲ್ಲಿ. ಡಾಸ್‌ನಲ್ಲಿ ಒಂದು ಪುಟ್ಟ ಫೈಲು ಮಾಡಲು ಅದನ್ನು ಹೇಳಿಕೊಡುತ್ತಿದ್ದರು. ಕಾಪಿ ಕಾನ್ ಎಂದು ಬರೆದು ಫೈಲಿನ ಹೆಸರು ಕೊಟ್ಟು, ಸಾಲುಗಳನ್ನು ಟೈಪು ಮಾಡಿ, ಮುಗಿದಾಗ ಕಂಟ್ರೋಲ್-ಝಡ್ ಒತ್ತಿ ಎಂಟರ್ ಹೊಡೆಯುವುದು. ಕಾನ್, ಕಂಟ್ರೋಲ್-ಝಡ್ ಎರಡೂ ಕಿಲ್ಡಾಲ್ ಮನೆಯ ಸಾಮಾನು. ಕಾನ್ ಅಂದರೆ ಕನ್ಸೋಲ್, ಕೀಲಿಮಣೆ ಮತ್ತು ಪರದೆ ಸೇರಿದ ಸಾಧನಕ್ಕೆ ಸಿಪಿ/ಎಂ ಇಟ್ಟಿದ್ದ ಹೆಸರು. ಕಂಟ್ರೋಲ್-ಝಡ್ ಯಾಕೆಂದರೆ, ಸಿಪಿ/ಎಂ ಫೈಲಿನ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಮಾತ್ರ ಲೆಕ್ಕ ಇಡುತ್ತಿತ್ತು. ಕೊನೆಯ ತುಂಡಿನಲ್ಲಿ ಬರಹ ಎಲ್ಲಿಗೆ ನಿಂತಿತು ಅನ್ನುವುದಕ್ಕೆ ಒಂದು ಗುರುತು ಬೇಕಿತ್ತು.

ಎರಡು ಸಾವಿರದ ಆಸುಪಾಸಿನಲ್ಲಿ ಇಮೇಲ್ ಇದ್ದವರಿಗೆಲ್ಲ ಒಂದು ಫಾರ್ವರ್ಡ್ ಬಂದೇ ಬಂದಿರುತ್ತದೆ. 'ಕಾನ್ ಎಂಬ ಹೆಸರಿನ ಫೋಲ್ಡರನ್ನು ಕಂಪ್ಯೂಟರಿನಲ್ಲಿ ಎಲ್ಲೂ ಮಾಡಲಾಗುವುದಿಲ್ಲ, ಇದನ್ನು ಕಂಡುಹಿಡಿದದ್ದು ಒಬ್ಬ ಭಾರತೀಯ, ಬಿಲ್ ಗೇಟ್ಸ್ ಸಮೇತ ಇಡೀ ಮೈಕ್ರೋಸಾಫ್ಟಿಗೇ ಕಾರಣ ಹೇಳಲಾಗಲಿಲ್ಲ!' ಆಫೀಸಿನಲ್ಲಿ ಅದು ಬಂದ ದಿನ ಎಲ್ಲರೂ ಮಾಡಿ ನೋಡಿದ್ದೇ ನೋಡಿದ್ದು. ನಿಜಕ್ಕೂ ಆಗುವುದಿಲ್ಲ. ಹೆಮ್ಮೆಯಿಂದ ಇನ್ನಷ್ಟು ಜನಕ್ಕೆ ಕಳಿಸಿದೆವು. ಕಾರಣ ಮಾತ್ರ ಯಾವ ನಿಗೂಢವೂ ಅಲ್ಲ. ಡಾಸ್‌ನ ಮೊದಲ ಆವೃತ್ತಿಗೆ ಫೋಲ್ಡರುಗಳೇ ಇರಲಿಲ್ಲ, ಸಾಧನಗಳ ಹೆಸರೂ ಫೈಲುಗಳ ಹೆಸರೂ ಒಂದೇ ಸಾಲಿನಲ್ಲಿ ಕೂತಿದ್ದವು. 1983ರಲ್ಲಿ ಫೋಲ್ಡರು ಬಂದಾಗ ಹಳೇ ಪ್ರೋಗ್ರಾಮುಗಳು ಕೆಡದಿರಲಿ ಎಂದು ಆ ಹೆಸರುಗಳನ್ನು ಪ್ರತಿ ಫೋಲ್ಡರಿನಲ್ಲೂ ಕಾಯ್ದಿಟ್ಟರು. ಅದು ವಿಂಡೋಸ್‌ಗೂ ಇಳಿದು ಬಂತು. ಭಾರತೀಯನ ಶೋಧ ಎಂದು ನಾವು ಊರೆಲ್ಲ ಹಂಚಿದ್ದು ಪೆಸಿಫಿಕ್ ಗ್ರೋವ್‌ನ ಒಂದು ನಿರ್ಧಾರದ ಪಳೆಯುಳಿಕೆಯನ್ನು.

ಈಗ ಮತ್ತೆ ಆ ಮೇಜಿಗೆ. 1983, 84, 85. ಕಂತಿನ ಮೇಲೆ ಕಂತು, ಅತಿಥಿಗಳು ತರುವ ಸಾಫ್ಟ್‌ವೇರು 'ಐಬಿಎಂ ಪಿಸಿಯಲ್ಲಿ ಓಡುತ್ತದೆ'. ಅಂದರೆ ಡಾಸ್ ಮೇಲೆ ಓಡುತ್ತದೆ. ಅದನ್ನು ಹೇಳುವುದು ಯಾರ ಮುಂದೆ? ಡಾಸ್‌ನ ಮೂಲ ಮಾದರಿಯನ್ನು ರೂಪಿಸಿದವರ ಮುಂದೆ. ಕಿಲ್ಡಾಲ್ ತಲೆಯಾಡಿಸಿ, ಮುಂದಕ್ಕೆ ಬಾಗಿ ಪರದೆ ನೋಡಿ, ಮುಂದಿನ ಪ್ರಶ್ನೆ ಕೇಳುತ್ತಾರೆ. ನಾನು ನೋಡಿದ ಕಂತುಗಳಲ್ಲಿ ಒಂದು ಚುಚ್ಚುಮಾತು ಸಿಕ್ಕಿಲ್ಲ. ಒಳಗೆ ಉರಿಯುತ್ತಿರಲಿಲ್ಲ ಎಂದಲ್ಲ. ಅವರು ಬರೆದಿಟ್ಟ ನೆನಪುಗಳ ಒಂದು ಭಾಗವನ್ನು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2016ರಲ್ಲಿ ಹೊರತಂದಿತು, ಕಹಿ ಅಲ್ಲಿ ಧಾರಾಳವಾಗಿಯೇ ಇದೆ. ಆ ಮೇಜಿನ ಮೇಲೆ ಮಾತ್ರ ಅದನ್ನು ಇಡಲಿಲ್ಲ. ಬೇರೆಯವರ ಕೆಲಸದ ಬಗೆಗಿನ ಕುತೂಹಲ ಅವರಿಗೆ ತಮ್ಮ ಗಾಯಕ್ಕಿಂತ ದೊಡ್ಡದಾಗಿತ್ತು ಅನ್ನಿಸುತ್ತದೆ. ಸೋತು ಮೂಲೆ ಸೇರಿದವರೂ ಆಗಿರಲಿಲ್ಲ. ಅಟಾರಿ ಎಸ್‌ಟಿಯ ಪರದೆಯ ಮೇಲೆ ಕಿಟಕಿ, ಚಿತ್ರಗಳನ್ನು ತೋರಿಸುತ್ತಿದ್ದ 'ಜೆಮ್' ತಂತ್ರಾಂಶ ಅವರ ಕಂಪನಿಯದೇ. 1985ರಲ್ಲಿ ಗ್ರೋಲಿಯರ್ ವಿಶ್ವಕೋಶ ಸಿಡಿ-ರಾಮ್ ಮೇಲೆ ಬಂದದ್ದು ಅವರ ಇನ್ನೊಂದು ಕಂಪನಿಯ ಕೆಲಸ. ಇಡೀ ವಿಶ್ವಕೋಶದ ಬರಹವನ್ನು ಒಂದು ತಟ್ಟೆಯಲ್ಲಿಟ್ಟು ಬೇಕಾದ ಪದ ಹುಡುಕುವುದು ಆಗ ಜಾದೂ. ಹೈಪರ್‌ಕಾರ್ಡ್ ಕಂತಿನಲ್ಲಿ ಅವರ ಆಸಕ್ತಿ ಅಷ್ಟು ಖಾಸಗಿಯಾಗಿ ಕಾಣುವುದೂ ಇದಕ್ಕೇ.

ಅದೇ ಕಾರ್ಯಕ್ರಮದಲ್ಲಿ ವ್ಯಾಖ್ಯಾನ ಹೇಳಲು ಬರುತ್ತಿದ್ದ ಜಾರ್ಜ್ ಮೊರೊ ಇನ್ನೊಂದು ತರಹದ ಮನುಷ್ಯ. ಬಾಯಿಬಿಟ್ಟರೆ ಕಿಡಿ. ಮೊರೊ ಡಿಸೈನ್ಸ್ ಎಂಬ ಕಂಪನಿ ಕಟ್ಟಿ ಸಿಪಿ/ಎಂ ಯಂತ್ರ ಮಾರುತ್ತಿದ್ದವರು. ಅವರ ಕಂಪನಿ ಪಿವಟ್ ಎಂಬ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರು ಮಾಡಿ, ಅದರ ವಿನ್ಯಾಸವನ್ನು ಝೆನಿತ್ ಕಂಪನಿಗೆ ಬಳಸಲು ಕೊಟ್ಟಿತು. 1986ರಲ್ಲಿ ಅಮೆರಿಕದ ಆದಾಯ ತೆರಿಗೆ ಇಲಾಖೆ ದೊಡ್ಡ ಸಂಖ್ಯೆಯಲ್ಲಿ ಲ್ಯಾಪ್‌ಟಾಪು ಕೊಳ್ಳಲು ಹೊರಟಾಗ ಟೆಂಡರು ಗೆದ್ದದ್ದು ಝೆನಿತ್, ಅದೂ ಮೊರೊ ವಿನ್ಯಾಸದಿಂದಲೇ. ಮೊರೊ ಕಂಪನಿ ಅದೇ ವರ್ಷ ದಿವಾಳಿ ಎದ್ದಿತು. ಇಂಥವರನ್ನು ಕರೆದು, ಈ ವಾರದ ಉದ್ಯಮದ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳುವ ಬಿಸಿನೆಸ್ ಚಾನೆಲ್ಲು ಇವತ್ತು ಎಲ್ಲಿದೆ? ಷೇರು ಏರಿದವರನ್ನು ಮಾತ್ರ ಕೂರಿಸುತ್ತೇವೆ. ಮೊರೊ ಉಳಿದ ಕಾಲವನ್ನು ಹಳೇ 78 ಆರ್‌ಪಿಎಂ ಜಾಝ್ ತಟ್ಟೆಗಳನ್ನು ಸಂಗ್ರಹಿಸಿ ಅವುಗಳ ಧ್ವನಿಯನ್ನು ಶುದ್ಧ ಮಾಡುವುದಕ್ಕೆ ಕೊಟ್ಟುಕೊಂಡರು ಅನ್ನುವುದು ನನಗೆ ಬಹಳ ಇಷ್ಟವಾದ ವಿವರ.

1984ರ ಕೃತಕ ಬುದ್ಧಿಮತ್ತೆ ಕಂತನ್ನು ಈಗ ಎಲ್ಲರೂ ನೋಡಬೇಕು. ಅತಿಥಿಗಳು ಸ್ಟ್ಯಾನ್‌ಫರ್ಡಿನ ಜಾನ್ ಮೆಕಾರ್ಥಿ ಮತ್ತು ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯ ನಿಲ್ಸ್ ನಿಲ್ಸನ್. ಆ ಕ್ಷೇತ್ರಕ್ಕೆ ಹೆಸರು ಕೊಟ್ಟವರೇ ಮೆಕಾರ್ಥಿ, ಐವತ್ತರ ದಶಕದಲ್ಲಿ. ಆಗ ಎಲ್ಲರ ಬಾಯಲ್ಲೂ 'ಎಕ್ಸ್‌ಪರ್ಟ್ ಸಿಸ್ಟಮ್'. ಪರಿಣತರನ್ನು ಕೂರಿಸಿಕೊಂಡು ಅವರ ತಲೆಯಲ್ಲಿರುವುದನ್ನು ಸಾವಿರಾರು 'ಹೀಗಿದ್ದರೆ ಹಾಗೆ' ನಿಯಮಗಳಾಗಿ ಬರೆದಿಟ್ಟರೆ ಯಂತ್ರವೇ ರೋಗ ಹೇಳುತ್ತದೆ, ಗಣಿ ಹುಡುಕುತ್ತದೆ ಎಂಬ ಭರವಸೆ. ಹಣ ಹರಿಯುತ್ತಿತ್ತು. ಮೆಕಾರ್ಥಿ ಮಾತ್ರ ಹಣದ ಬಿಸಿ ತಟ್ಟದವರ ಹಾಗೆ ಕೂತಿರುತ್ತಾರೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಸಂಭ್ರಮ ಇಳಿದು, ಕಂಪನಿಗಳು ಮುಚ್ಚಿ, ಕ್ಷೇತ್ರಕ್ಕೇ ಚಳಿಗಾಲ ಬಂತು. ಈಗಿನ ಎಐ ಬೇರೆ ದಾರಿಯದು, ನಿಯಮಗಳ ರಾಶಿಯಲ್ಲ, ನಿಜ. ಆದರೂ ಶೆಫೇ ಅಲ್ಲಿ ಕೇಳುವ ಥರದ ಪ್ರಶ್ನೆಗಳು, ಇದು ನಿಜಕ್ಕೂ ಬುದ್ಧಿಯೇ, ಕೆಲಸ ಯಾರದು ಹೋಗುತ್ತದೆ, ಕಳೆದ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿಬಂದವು. ಉತ್ತರದ ಗುಣಮಟ್ಟದಲ್ಲಿ ಕ್ಯಾಂಟೀನು ಹಿಂದೆ ಬಿತ್ತು.

ಕಾರ್ಯಕ್ರಮದ ಮೇಲೆ ನನಗೆ ದೂರುಗಳೂ ಇವೆ. ಮಾರಲು ಬಂದವರನ್ನು ಬಿಗಿಯಾಗಿ ಹಿಡಿದು ಕೇಳಿದ್ದು ಕಡಿಮೆ. ಬರುತ್ತೇನೆಂದು ಹೇಳಿ ಬಾರದೇ ಹೋದ ಸರಕುಗಳಿಗೂ ಅಷ್ಟೇ ನಯವಾದ ಸ್ವಾಗತ ಸಿಕ್ಕಿದೆ. ಕ್ಯಾಲಿಫೋರ್ನಿಯಾದ ಆಚೆಗೂ ಕಂಪ್ಯೂಟರು ಇದೆ ಅನ್ನುವುದು ಆಗಾಗ ಮಾತ್ರ ನೆನಪಾಗುತ್ತದೆ. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಕಂಪ್ಯೂಟರ್ ನೀತಿ ಸಡಿಲಿಸಿತು, ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಆ ಮೇಜಿನ ಸುತ್ತ ಕೂತವರು ಬರೆಯುತ್ತಿದ್ದ ಕೋಡಿನ ದೊಡ್ಡ ಪಾಲು ಮುಂದೆ ಇಲ್ಲಿ ಬರೆಯಲ್ಪಡಲಿತ್ತು, ಅದರ ಸುಳಿವು ನಾನು ನೋಡಿದಷ್ಟರಲ್ಲಿ ಸಿಗುವುದಿಲ್ಲ. ವೆಂಡಿ ವುಡ್ಸ್ ಅವರನ್ನು ಬಿಟ್ಟರೆ ಎಂಬತ್ತರ ದಶಕದ ಎಷ್ಟೋ ಕಂತುಗಳು ಗಂಡಸರ ಮೀಟಿಂಗು. ಕಿಲ್ಡಾಲ್ ಹೋದ ಮೇಲೆ, ತೊಂಬತ್ತರ ದಶಕದಲ್ಲಿ, ಕಾರ್ಯಕ್ರಮಕ್ಕೆ ವೇಗ ಬಂತು, ಬಣ್ಣ ಬಂತು, ಮೇಜು ಹಿಂದೆ ಸರಿಯಿತು. ಕ್ರಿಸ್ಮಸ್‌ಗೆ ಏನು ಕೊಳ್ಳಬೇಕು, ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಏನೇನಿದೆ ಎಂಬ ಕಂತುಗಳನ್ನು ನಾನು ಓಡಿಸಿಕೊಂಡೇ ನೋಡುತ್ತೇನೆ. 1993ರ ಇಂಟರ್ನೆಟ್ ಕಂತು ಅದಕ್ಕೆ ಅಪವಾದ. ಜಾಲದ ಬಗ್ಗೆ ಅಷ್ಟು ಬೆರಗಿನಿಂದ, ಜಾಹೀರಾತಿನ ಸುಳಿವೇ ಇಲ್ಲದೆ ಮಾತಾಡಿದ ಕಾಲವೊಂದಿತ್ತು ಎಂದು ನಂಬಲು ಅದನ್ನು ನೋಡಬೇಕು.

ಡಿಜಿಟಲ್ ರಿಸರ್ಚ್ 1991ರಲ್ಲಿ ನೋವೆಲ್ ಕಂಪನಿಗೆ 8 ಕೋಟಿ ಡಾಲರಿಗೆ ಮಾರಾಟವಾಯಿತು. ಕಿಲ್ಡಾಲ್ ಬಡವರಾಗಿ ಸತ್ತರು ಎಂದು ಅಲ್ಲಲ್ಲಿ ಬರೆಯುವವರಿದ್ದಾರೆ, ಅದು ಸುಳ್ಳು. 1994ರ ಜುಲೈನಲ್ಲಿ ಮಾಂಟೆರೆಯ ಬಾರೊಂದರಲ್ಲಿ ತಲೆಗೆ ಪೆಟ್ಟು ಬಿದ್ದು, ಮೂರು ದಿನಕ್ಕೆ ತೀರಿಕೊಂಡರು. 52 ವರ್ಷ. ಪೆಟ್ಟು ಹೇಗೆ ಬಿತ್ತೆಂದು ಕೊನೆಗೂ ಇತ್ಯರ್ಥವಾಗಲಿಲ್ಲ. ಮರುವರ್ಷ ಕಿಲ್ಡಾಲ್ ಬಗ್ಗೆ ಶೆಫೇ ಒಂದು ಇಡೀ ಕಂತು ಮಾಡಿದರು. ಕಿಲ್ಡಾಲ್ ವಿದ್ಯಾರ್ಥಿಯಾಗಿದ್ದು ಮುಂದೆ ಸಿಮ್ಯಾಂಟೆಕ್ ಎಂಬ ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರಾದ ಗಾರ್ಡನ್ ಯೂಬ್ಯಾಂಕ್ಸ್, ಆ ಪ್ರಸಿದ್ಧ ದಿನದಂದು ವಿಮಾನದಲ್ಲಿ ಜೊತೆಗಿದ್ದ ಟಾಮ್ ರೋಲಾಂಡರ್ ಮೊದಲಾದವರು ಅದರಲ್ಲಿ ಮಾತಾಡುತ್ತಾರೆ. ಉದ್ಯಮದ ಕಾರ್ಯಕ್ರಮವೊಂದು ಅರ್ಧ ಗಂಟೆಯನ್ನು ಮಾರುಕಟ್ಟೆ ಕಳೆದುಕೊಂಡವರೊಬ್ಬರಿಗೆ ಬಿಟ್ಟುಕೊಟ್ಟದ್ದು ನನಗೆ ಇವತ್ತಿಗೂ ಅಚ್ಚರಿ. 2014ರಲ್ಲಿ ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂದಲ್ಲಿ, ಡಿಜಿಟಲ್ ರಿಸರ್ಚ್ ಇದ್ದ ಹಳೇ ಮನೆಯ ಮುಂದೆ, ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಸ್ಮಾರಕ ಫಲಕ ಹಾಕಿತು. ಅದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಈ ಕಾರ್ಯಕ್ರಮ ತನ್ನ ಪಾಲಿನ ಕೆಲಸ ಮಾಡಿಯಾಗಿತ್ತು.

2002ರಲ್ಲಿ ಕಾರ್ಯಕ್ರಮ ನಿಂತಿತು. ಡಾಟ್‌ಕಾಮ್ ಗುಳ್ಳೆ ಒಡೆದಿತ್ತು, ಅದು ಕೊಡುತ್ತಿದ್ದ ಸುದ್ದಿ ವೆಬ್‌ನಲ್ಲಿ ನಿಮಿಷಕ್ಕೊಮ್ಮೆ ಸಿಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್‌ಗೆ ಶೆಫೇ ಕಂತುಗಳನ್ನು ಕೊಟ್ಟುಬಿಟ್ಟರು, ಹಾಗಾಗಿ ನೂರಾರು ಕಂತುಗಳು ಇವತ್ತು ಯಾರಿಗೆ ಬೇಕಾದರೂ ಬಿಟ್ಟಿಯಾಗಿ ಸಿಗುತ್ತವೆ. ಟೀವಿ ಸಂಸ್ಥೆಗಳು ಹಳೇ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದ ಕಾಲದ ಒಂದು ಕಾರ್ಯಕ್ರಮ ಇಷ್ಟು ಉಳಿದದ್ದೇ ದೊಡ್ಡದು. ನಮ್ಮ ದೂರದರ್ಶನದ ಬೆಂಗಳೂರು ಕೇಂದ್ರದ ಎಂಬತ್ತರ ದಶಕದ ವಿಜ್ಞಾನ ಕಾರ್ಯಕ್ರಮಗಳು ಹೀಗೇ ಒಂದೆಡೆ ಸಿಗುವ ಹಾಗಿದ್ದರೆ ಎಂದು ಆಸೆಯಾಗುತ್ತದೆ.

ಶುರು ಮಾಡುವವರು 1983ರಿಂದ ಸಾಲಾಗಿ ನೋಡಲು ಹೋಗಬೇಡಿ, ದಣಿಯುತ್ತೀರಿ. ಹೈಪರ್‌ಕಾರ್ಡ್ ಕಂತು ಮೊದಲು. ಆಮೇಲೆ 84ರ ಕೃತಕ ಬುದ್ಧಿಮತ್ತೆ, 85ರ ಅಮಿಗಾ-ಅಟಾರಿ. ಯುನಿಕ್ಸ್ ಗೊತ್ತಿದ್ದವರು 85ರ ಯುನಿಕ್ಸ್ ಕಂತನ್ನು ಬಿಡುವ ಹಾಗಿಲ್ಲ. ಕಿಲ್ಡಾಲ್ ವಿಶೇಷ ಕಂತನ್ನು ಮಾತ್ರ ಅವರು ಸಹನಿರೂಪಕರಾಗಿರುವ ಕಂತುಗಳನ್ನು ನಾಲ್ಕಾರಾದರೂ ನೋಡಿದ ಮೇಲೆ ಹಾಕಿಕೊಳ್ಳಿ. ಎಂಬತ್ತರ ದಶಕದ ಕಂತುಗಳ ಶುರುವಿನ ಸಿಂಥಸೈಜರ್ ಸಂಗೀತ ಮನೆಯವರನ್ನು ಎಬ್ಬಿಸುವಷ್ಟು ಜೋರಾಗಿದೆ, ರಾತ್ರಿ ನೋಡುವವರು ಇಯರ್‌ಫೋನ್ ಹಾಕಿಕೊಳ್ಳುವುದು ಒಳ್ಳೆಯದು.